ಮೂರನೆಯ ಖಾನೆ

ರಾತ್ರಿ ಹತ್ತೂ ಹದಿನೆಂಟರ ಬದ್ಲಾಪುರ ಗಾಡಿಯಲ್ಲಿ
ದಾದರಿನಲ್ಲಿ ಸೀಟು ಸಿಕ್ಕರೆ ತೊಡೆಯ ಮೇಲೆ,
ಸಿಗದಿದ್ದರೆ ಮುಂದಿನವನ ಬೆನ್ನಿನ ಮೇಲೆ
ವಹಿ ಇಟ್ಟು ಬರೆಯುತ್ತೇನೆ.
ಹತ್ತರಲ್ಲಿ ಒಬ್ಬ ಬೈಯುತ್ತಾನೆ.
ಉಳಿದವರಿಗೆ ಆ ಹೊತ್ತಿಗೆ
ತಮಗೊಂದು ಬೆನ್ನಿದೆ ಎಂಬುದೇ ಮರೆತಿರುತ್ತದೆ.

ಸಾಟಮ್ ಮೇಸ್ತ್ರಿ ಎಳೆದುಕೊಟ್ಟ ಗೆರೆ, ಪುಟಕ್ಕೆ ಮೂರು ಖಾನೆ:
ಏನಾಯಿತು.
ಏನಂದುಕೊಂಡಿದ್ದೆ.
ನಡುವೆ ಎಷ್ಟು ಬೆರಳು.

ಲಿಫ್ಟಿನವರ ಲೆಕ್ಕ ಅದು.
ಡಬ್ಬಿ ಬಂದು ನಿಂತಾಗ ಅದರ ನೆಲಕ್ಕೂ ಮಹಡಿಯ ನೆಲಕ್ಕೂ
ಒಂದು ಬೆರಳು ಅಂತರವಿದ್ದರೆ ಮುದುಕರು ಎಡವುತ್ತಾರೆ,
ಎರಡಿದ್ದರೆ ಎಲ್ಲರೂ.
"ತಲೆಯೂ ಹಾಗೇ," ಅಂದಿದ್ದ, ತಂಬಾಕು ಕೆನ್ನೆಗೆ ಸರಿಸಿ,
"ನಿಂತೆ ಅಂದುಕೊಂಡ ಜಾಗ ಒಂದು, ನಿಂತ ಜಾಗ ಒಂದು.
ದಿನಾ ಅಳೆ."

ನಾನು ಇಂಡಿ ಕಡೆಯವ, ಬರೆದದ್ದೆಲ್ಲ ಕನ್ನಡ.
ಅವನಿಗೆ ಒಂದಕ್ಷರ ಬಾರದು.
ಆದರೂ ಶನಿವಾರ ಗ್ರಾಂಟ್ ರೋಡಿನ ಚಹದಂಗಡಿಯಲ್ಲಿ
ಕನ್ನಡಕ ಏರಿಸಿ, ಎಣ್ಣೆಬೆರಳಲ್ಲಿ ಪುಟ ತಿರುವುತ್ತಿದ್ದ.
ಮೂರನೆಯ ಖಾನೆ ಗಿಡ್ಡ ಕಂಡರೆ ಅಲ್ಲೇ ತಟ್ಟುತ್ತಿದ್ದ:
"ಇಲ್ಲಿ ಸುಳ್ಳು ಬರೆದಿದ್ದೀ."
ಒಮ್ಮೆಯೂ ತಪ್ಪಲಿಲ್ಲ ಮುದುಕನ ಓದು.

ಖೇತವಾಡಿಯಲ್ಲಿ ಒಂದು ಹಳೆ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟು.
ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಡುತ್ತಿತ್ತು,
ಕೆಸರಿಗಿಳಿದ ಎಮ್ಮೆಯ ಹಾಗೆ.
ರಿಲೇ ಬದಲಿಸಿದೆ. ಬ್ರೇಕಿನ ಪಟ್ಟಿ ಬದಲಿಸಿದೆ.
ಮೋಟಾರಿನ ಕಾರ್ಬನ್ನು, ಅದನ್ನೂ.
ಪ್ರತಿ ಸಲ ಸರಿಹೋಯಿತು, ಪ್ರತಿ ಸಲ ನಾನು ಜಾಣನಾದೆ,
ಸೊಸಾಯಿಟಿಯ ಸೆಕ್ರೆಟರಿ ಚಹ ಕೊಡಿಸಿದ.
ಐದನೆಯ ಸಲ ಚಹ ಬರಲಿಲ್ಲ.

ಆ ರಾತ್ರಿ ಕುರ್ಲಾ ದಾಟುವಾಗ ಹಿಂದಕ್ಕೆ ತಿರುವಿದೆ.
ನಾಲ್ಕೂ ದಿನಗಳ ಮೊದಲ ಖಾನೆ ಒಂದರ ಹಿಂದೊಂದು ಓದಿದೆ,
ಬೇರೆ ಯಾರೋ ಬರೆದದ್ದನ್ನು ಓದುವಂತೆ.
ಗುರುವಾರ. ಗುರುವಾರ. ಗುರುವಾರ.
ನಾಲ್ಕನೆಯದಕ್ಕೆ ವಾರ ಹಾಕಿರಲಿಲ್ಲ, ಆದರೆ
"ಮೆಟ್ಟಿಲು ಒದ್ದೆ, ಚಪ್ಪಲಿ ಜಾರಿತು" ಎಂದಿತ್ತು
ನನ್ನದೇ ಅಕ್ಷರದಲ್ಲಿ.

ಗುರುವಾರ ಮೆಟ್ಟಿಲು ತೊಳೆಯುತ್ತಾರೆ ಅಲ್ಲಿ.
ನೀರು ಇಳಿದಿಳಿದು ಮೂರನೆಯ ಮಹಡಿಯ ಬಾಗಿಲ ಬೀಗದೊಳಗೆ
ತಾಮ್ರದ ನಾಲಗೆಯನ್ನು ಮುಟ್ಟುತ್ತದೆ. ಸಂಜೆಗೆ ಒಣಗುತ್ತದೆ.
ನಾನು ರಿಪೇರಿ ಮಾಡಿದ್ದಲ್ಲ,
ಒಣಗಿದ್ದು.

ಮೂರನೆಯ ಖಾನೆಯಲ್ಲಿ ಬರೆದೆ: ಒಂದು ಮೊಳ.
ಶನಿವಾರ ಮೇಸ್ತ್ರಿ ನೋಡಿದ. ಎರಡೇ ಶಬ್ದ, ಎಂದಿಗಿಂತ ಗಿಡ್ಡ.
ಬೆರಳೆತ್ತಿದವ ತಟ್ಟಲಿಲ್ಲ.
ಬ್ರೆಡ್ಡು ಬೆಣ್ಣೆಯನ್ನೂ ಹೇಳಿದ.

ಅವನೀಗ ಕಣಕವಲಿಯಲ್ಲಿ, ಒಂದೇ ಅಂತಸ್ತಿನ ಮನೆಯಲ್ಲಿ.
ನನ್ನ ವಹಿ ಹನ್ನೊಂದಾಗಿವೆ.
ಕೈಕೆಳಗೆ ಉಲ್ಲಾಸನಗರದ ವೃಷಾಲಿ ಕಾಂಬಳೆ,
ಐಟಿಐ ಮುಗಿಸಿದವಳು, ಬರೆಯುವುದೆಂದರೆ ಆಕಳಿಕೆ.
ಹೋದ ವಾರ ಖೇತವಾಡಿಯ ಪುಟಗಳನ್ನು
ಮರಾಠಿಗೆ ತಿರುಗಿಸಿ ತಿರುಗಿಸಿ ಓದಿ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.
ಪಾನಾ ಒರೆಸುತ್ತ ಕೇಳಿದಳು:
"ದಾದಾ, ಒಳಗೆ ಯಾರಿದ್ದರು?"
ಯಾವುದರ ಒಳಗೆ?
"ಸಿಕ್ಕಿಕೊಂಡ ಡಬ್ಬಿಯ ಒಳಗೆ."

ಹನ್ನೊಂದು ವಹಿ.
ರಿಲೇ ಇವೆ, ಹಗ್ಗ ಇವೆ, ಗ್ರೀಸು ಎಷ್ಟು ಗ್ರಾಮೆಂದು ಇದೆ.
ಖೇತವಾಡಿ, ನಾಲ್ಕನೆಯ ಸಲ: "ನಲವತ್ತು ನಿಮಿಷ" ಎಂದಿದೆ.
ಯಾರ ನಲವತ್ತು ನಿಮಿಷ?

ಜಾಲರಿಯ ಸಂದಿಯಿಂದ ಒಂದು ಕೈ ಹೊರಗೆ ಬಂದಿತ್ತು,
ನನ್ನ ಮೊಳಕಾಲ ಹತ್ತಿರ, ಮೆಂತ್ಯದ ಕಟ್ಟು ಹಿಡಿದು.
"ಇದನ್ನಾದರೂ ತಗೋ, ಬಾಡುತ್ತದೆ."
ತೆಗೆದುಕೊಂಡೆ. ಒದ್ದೆ ಮೆಟ್ಟಿಲ ಮೇಲಿಟ್ಟೆ.
ಮತ್ತೆ ಮೇಲೆ ಮೋಟಾರಿನ ಕೋಣೆಗೆ ಓಡಿದೆ.
ಇಳಿದು ಬಂದಾಗ ಡಬ್ಬಿ ಖಾಲಿ. ಮೆಂತ್ಯ ಇತ್ತೋ ಇಲ್ಲವೋ.

ಪುಟದಲ್ಲಿ ನಾಲ್ಕನೆಯ ಖಾನೆಗೆ ಜಾಗವಿಲ್ಲ.
ಅಂಚಿನಲ್ಲಿ ಬರೆಯುತ್ತಿದ್ದೇನೆ, ಗಾಡಿ ಅಲುಗುತ್ತಿದೆ:
ಮೆಂತ್ಯ. ಎಡಗೈ.
ಹಸಿರು ಬಳೆ, ಎರಡೋ ಮೂರೋ.